ಹೊಸ ಫಿಲ್ಟರ್‌ಗೆ ಹಳೇ ಸ್ಪಂಜು
ಹೊಸ ಅಕ್ವೇರಿಯಂಗೆ ಫಿಲ್ಟರ್ ಹಾಕುವವರು, ಈಗಾಗಲೇ ಓಡುತ್ತಿರುವ ಟ್ಯಾಂಕಿನ ಸ್ಪಂಜಿನ ಒಂದು ತುಂಡನ್ನು ಅದರೊಳಗೆ ತುರುಕಿಬಿಡಿ. ಮೀನುಗಳಿಂದಲೇ ಬಂದು ಅವಕ್ಕೇ ವಿಷವಾಗುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಹಾನಿ ಮಾಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಂಜಿನ ಕಂದು ಜಿಡ್ಡಿನಲ್ಲೇ ಇರೋದು. ತಾವಾಗಿ ಬೆಳೆಯಲು ಬಿಟ್ಟರೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೋಡೋಕೆ ಗಲೀಜು ಅಂತ ನಲ್ಲಿ ಕೆಳಗೆ ಮಾತ್ರ ತೊಳೀಬೇಡಿ, ಕ್ಲೋರಿನ್‌ಗೆ ಅವು ಸಾಯುತ್ತವೆ. ಹಳೇ ಟ್ಯಾಂಕಿನ ನೀರಲ್ಲೇ ಒಮ್ಮೆ ಅದ್ದಿ ತೆಗೆದರೆ ಸಾಕು. ತರುವಾಗಲೂ ಒದ್ದೆಯಾಗೇ ಇರಲಿ, ಒಣಗಿದ ಸ್ಪಂಜು ಬರೀ ಸ್ಪಂಜು. ಬಿಳಿ ಚುಕ್ಕೆ ರೋಗ ಬಂದ ಟ್ಯಾಂಕಿನದ್ದಂತೂ ಬೇಡವೇ ಬೇಡ, ರೋಗವೂ ಜೊತೆಗೇ ಬರುತ್ತೆ. ಇನ್ನೊಂದು, ತುಂಡು ಹಾಕಿದ್ದೀವಲ್ಲ ಅಂತ ಮೊದಲ ದಿನವೇ ಹತ್ತು ಗೋಲ್ಡ್‌ಫಿಶ್ ಬಿಟ್ಟರೆ ಅದು ತಡೆಯಲ್ಲ. ಎರಡು ಸಣ್ಣ ಮೀನಿನಿಂದ ಶುರುಮಾಡಿ.