ಕಳೆದುಹೋಗಿದ್ದ ಎಂ91: ಹಳೆಯ ದಾಖಲೆಯಿಂದ ಮಸುಕು ಗ್ಯಾಲಕ್ಸಿ ಹುಡುಕುವ ಬಗೆ

ನಮ್ಮೂರು ದಾವಣಗೆರೆ. ಮಾರ್ಚ್ ಕೊನೆಯ ನಡುರಾತ್ರಿ ಎಂ91 ಗ್ಯಾಲಕ್ಸಿ ನಮ್ಮ ನೆತ್ತಿಯ ಮೇಲೇ ಇರುತ್ತದೆ. ತಮ್ಮನ ಅಡಿಕೆ ತೋಟದ ಕಣದಲ್ಲಿ 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ ಇಟ್ಟು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ 1781ರಿಂದ 1969ರವರೆಗೆ ಎಂ91 ಅಂದರೆ ಯಾವುದು ಅಂತ ಯಾರಿಗೂ ಗಟ್ಟಿಯಾಗಿ ಹೇಳಲು ಆಗಿರಲಿಲ್ಲ. ಎಂ ಅಂದರೆ ಫ್ರಾನ್ಸಿನ ಖಗೋಳ ವೀಕ್ಷಕ ಚಾರ್ಲ್ಸ್ ಮೆಸಿಯೆ ಮಾಡಿದ ಪಟ್ಟಿಯ ಸಂಖ್ಯೆ. ಅದರಲ್ಲಿ ಎಂ91ಕ್ಕೆ ಬರೆದ ಜಾಗದಲ್ಲಿ ಅವರ ದೂರದರ್ಶಕಕ್ಕೆ ಕಾಣುವಂಥದ್ದು ಏನೂ ಇಲ್ಲ. ಈ ಗಂಟನ್ನು ನೀವೇ ಒಮ್ಮೆ ಬಿಚ್ಚಿ ನೋಡಿ. ಬೇರೆ ಹಳೆಯ ದಾಖಲೆಗಳಿಗೂ ಇದೇ ದಾರಿ.

ಮೊದಲು ದಾಖಲೆಯನ್ನು ಎರಡು ಪಾಲು ಮಾಡಿ. ಕಣ್ಣು ಕಂಡದ್ದು ಒಂದು, ಲೆಕ್ಕ ಹಾಕಿ ಬರೆದದ್ದು ಇನ್ನೊಂದು. 1781ರ ಮಾರ್ಚ್ 18ರ ರಾತ್ರಿ ಪ್ಯಾರಿಸ್‌ನಲ್ಲಿ ಮೆಸಿಯೆ ಕಂಡದ್ದು ಇಷ್ಟು: ನಕ್ಷತ್ರವಿಲ್ಲದ ನೀಹಾರಿಕೆ (ಆಗ ಗ್ಯಾಲಕ್ಸಿಗಳನ್ನೂ ಹಾಗೇ ಕರೆಯುತ್ತಿದ್ದರು), ಎಂ90ರ ಮೇಲೆ, ಅದಕ್ಕಿಂತಲೂ ಮಂಕು. ಬರೆದ ಜಾಗ: ಆರ್‌ಎ (ಆಕಾಶದ ರೇಖಾಂಶ, ಗಂಟೆಗಳಲ್ಲಿ) 12 ಗಂಟೆ 26 ನಿಮಿಷ 28 ಸೆಕೆಂಡ್, ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ಉತ್ತರಕ್ಕೆ 14 ಡಿಗ್ರಿ 57 ನಿಮಿಷ; ಇಲ್ಲಿ ನಿಮಿಷ ಅಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು. ಅನುಭವಿಗಳ ಕಣ್ಣು ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ತಪ್ಪು ಜಾಸ್ತಿ ಸಿಗುವುದು ಅಂಕಿಗಳಲ್ಲೇ.

ಆಮೇಲೆ ಅಂಕಿಗಳನ್ನು ಇಂದಿನ ನಕ್ಷೆಗೆ ತನ್ನಿ. ಪಂಚಾಂಗದಲ್ಲಿ ಅಯನಾಂಶ ಅಂತ ಇರುತ್ತದಲ್ಲ, ಅದರ ಹಿಂದಿರುವ ಚಲನೆಯೇ ಇಲ್ಲೂ ಕೆಲಸ ಮಾಡುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ಈ ಅಂಕಿಗಳನ್ನು ಎಣಿಸುವ ಆರಂಭದ ಗುರುತು 72 ವರ್ಷಕ್ಕೆ ಸುಮಾರು 1 ಡಿಗ್ರಿ ಜರುಗುತ್ತದೆ. ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ತಂತ್ರಾಂಶದಲ್ಲಿ ದಿನಾಂಕವನ್ನು 1781ಕ್ಕೆ ಇಟ್ಟರೆ ಆ ದಿನದ ಅಂಕಿಗಳೂ 2000ದ ಅಂಕಿಗಳೂ ಒಟ್ಟಿಗೆ ಕಾಣುತ್ತವೆ. ಮೆಸಿಯೆ ಜಾಗ 2000ದ ನಕ್ಷೆಯಲ್ಲಿ ಸುಮಾರು 12 ಗಂಟೆ 37.5 ನಿಮಿಷ, 13 ಡಿಗ್ರಿ 45 ನಿಮಿಷಕ್ಕೆ ಬರುತ್ತದೆ.

ಈಗ ಹತ್ತಿರ ಯಾವುದಿದೆ ನೋಡಿ. ಅರ್ಧ ಡಿಗ್ರಿಯಲ್ಲಿ ಎನ್‌ಜಿಸಿ 4571 ಎಂಬ ಗ್ಯಾಲಕ್ಸಿ ಇದೆ (ಎನ್‌ಜಿಸಿ ಇನ್ನೊಂದು ದೊಡ್ಡ ಪಟ್ಟಿ). ಇದೇ ಅಂತ ಮುಗಿಸಿಬಿಡುವ ಆಸೆ ಆಗುತ್ತದೆ, ಅಲ್ವಾ? ತಡೆಯಿರಿ. ಕಾಂತಿಮಾನದಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಬೆಳಕು ಕಡಿಮೆ; ಇದು 11ಕ್ಕಿಂತಲೂ ಮಂಕು, ಆ ಬೆಳಕೂ ಅಗಲಕ್ಕೆ ಹರಡಿಕೊಂಡಿದೆ. ನನ್ನ 8 ಇಂಚಿನಲ್ಲೇ ಅದು ಓರೆನೋಟಕ್ಕೆ, ಅಂದರೆ ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದಾಗ ಮಾತ್ರ ಸಿಗುತ್ತದೆ. ಮೆಸಿಯೆ ಬಳಸುತ್ತಿದ್ದದ್ದು ಮೂರೂವರೆ ಇಂಚಿನ ಆಸುಪಾಸಿನ ಮಸೂರದ ದೂರದರ್ಶಕ. ಹತ್ತಿರದ್ದು ಸಿಕ್ಕಿತು ಅಂತ ಸುಮ್ನೆ ಹೆಸರಿಡಬೇಡಿ. ನೋಡಿದವರ ಕೈಯಲ್ಲಿ ಏನಿತ್ತು ಅಂತ ಮೊದಲು ಕೇಳಿ.

ಮುಂದಿನದು ನನಗೆ ತುಂಬಾ ಇಷ್ಟದ ಹೆಜ್ಜೆ. ಆ ಕಾಲದಲ್ಲಿ ಜಾಗ ಅಳೆಯುತ್ತಿದ್ದದ್ದು ಈಗಾಗಲೇ ಗೊತ್ತಿರುವ ಒಂದು ಗುರುತಿನಿಂದ. ಅಲ್ಲಿಂದ ಇಷ್ಟು ಮೇಲೆ, ಇಷ್ಟು ಪಕ್ಕಕ್ಕೆ ಅಂತ ಲೆಕ್ಕ. ಹಾಗಾದರೆ ಅವರು ಎಲ್ಲಿಂದ ಹೊರಟರು? ಎಂ58ರ ಜಾಗವನ್ನು ಮೆಸಿಯೆ 1779ರಲ್ಲೇ ಬರೆದಿಟ್ಟಿದ್ದರು. ಕನ್ಯಾ ರಾಶಿಯ ಮುದ್ರಿತ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಇಡಿ. ಎಂ58ರಿಂದ ಮೆಸಿಯೆ ಬರೆದ ಜಾಗಕ್ಕೆ ಒಂದು ಬಾಣ ಎಳೆಯಿರಿ. ಅದು ಹೆಚ್ಚುಕಡಿಮೆ ನೇರ ಉತ್ತರಕ್ಕೆ, 2 ಡಿಗ್ರಿಗೆ ಸ್ವಲ್ಪ ಕಡಿಮೆ ಇರುತ್ತದೆ. ಈಗ ಪೇಪರನ್ನು ತಿರುಗಿಸದೆ ಸರಿಸುತ್ತಾ, ಬಾಣದ ಬಾಲವನ್ನು ಅಕ್ಕಪಕ್ಕದ ಒಂದೊಂದೇ ಗ್ಯಾಲಕ್ಸಿಯ ಮೇಲೆ ಇಡಿ. ನಾನು ಮೊದಲು ಎಂ87 ಮೇಲೆ ಇಟ್ಟೆ. ತುದಿ ಎಂ88 ಹತ್ತಿರ ಬಂತು, ಆದರೆ ಮೇಲೆ ಕೂರಲಿಲ್ಲ. ಅಲ್ಲದೆ ಎಂ88 ಅನ್ನು ಅದೇ ರಾತ್ರಿ ಅವರು ಬೇರೆಯಾಗಿ ಬರೆದಿದ್ದಾರೆ. ಆಮೇಲೆ ಎಂ89 ಮೇಲೆ ಇಟ್ಟೆ. ತುದಿ ಸರಿಯಾಗಿ ಎನ್‌ಜಿಸಿ 4548 ಮೇಲೆ ಕೂತಿತು! ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಟೆಕ್ಸಾಸ್‌ನ ಹವ್ಯಾಸಿ ಖಗೋಳ ವೀಕ್ಷಕ ವಿಲಿಯಂ ಸಿ. ವಿಲಿಯಮ್ಸ್ 1969ರಲ್ಲಿ ತೋರಿಸಿದ್ದು ಇದನ್ನೇ: ಎಂ91 ಅಂದರೆ ಎನ್‌ಜಿಸಿ 4548. ಮೆಸಿಯೆ ಅಳೆದದ್ದು ಎಂ89ರಿಂದ, ಲೆಕ್ಕ ಹಾಕಿದ್ದು ಎಂ58 ಅಂದುಕೊಂಡು. ಅದಕ್ಕೂ ಮೊದಲು ಧೂಮಕೇತು ಇರಬಹುದು, ಎಂ58 ಅನ್ನೇ ಎರಡು ಸಲ ಬರೆದಿರಬಹುದು ಎಂಬ ಊಹೆಗಳೂ ಇದ್ದವು.

ಬಾಣ ಎಲ್ಲೂ ಕೂರದಿದ್ದರೆ ಅದನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ ನೋಡಿ. ಎಂ47ರಲ್ಲಿ ಆದದ್ದು ಅದೇ. ಅದು ಗ್ಯಾಲಕ್ಸಿ ಅಲ್ಲ, ನಕ್ಷತ್ರಗುಚ್ಛ. ಅಲ್ಲಿ ಕೂಡಿಸುವ, ಕಳೆಯುವ ಚಿಹ್ನೆಗಳು ಅದಲುಬದಲಾಗಿದ್ದವು.

ಕೊನೆಗೆ ಮತ್ತೆ ಕಣ್ಣಿನ ಮಾತಿಗೆ ಬನ್ನಿ. ಎನ್‌ಜಿಸಿ 4548 ಎಂ90ರ ಮೇಲಿದೆಯಾ? ಹೌದು, ಉತ್ತರಕ್ಕೆ ಸುಮಾರು ಒಂದೂಕಾಲು ಡಿಗ್ರಿ. ಅದಕ್ಕಿಂತ ಮಂಕಾ? ಹೌದು, ಎಂ90 ಸುಮಾರು 9.5, ಇದು 10.2. ಅಂಕಿ, ವಿವರಣೆ ಎರಡೂ ಕೂಡಿ ಬಂದ ಮೇಲೇ ನಾನು ಗುರುತು ಹಾಕುತ್ತೇನೆ.

ತೋಟಕ್ಕೆ ಹೋದಾಗ ಹೀಗೆ ಮಾಡಿ. ನೆತ್ತಿಯ ಮೇಲೆ ಡಾಬ್ಸೋನಿಯನ್ ತಿರುಗಿಸುವುದು ಕಷ್ಟ, ಒಂದು ಗಂಟೆ ಕಾಯಿರಿ. ಸುಮಾರು 1 ಡಿಗ್ರಿ ಕಾಣುವ ಐಪೀಸ್ ಹಾಕಿ. ಎಂ89 ಹಿಡಿದು ಎರಡು ಫೀಲ್ಡ್ (ಐಪೀಸ್‌ನಲ್ಲಿ ಒಮ್ಮೆಗೆ ಕಾಣುವಷ್ಟು ಆಕಾಶ) ಉತ್ತರಕ್ಕೆ ಹೋಗಿ. ಎಂ91 ನಡುವೆ ಬಂದರೆ ಎನ್‌ಜಿಸಿ 4571 ಅದೇ ಫೀಲ್ಡಿನ ಆಗ್ನೇಯ ಅಂಚಿನಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ನೋಡಿ. ಮೂರೂವರೆ ಇಂಚಿಗೆ ಯಾವುದು ಸಿಕ್ಕೀತು ಅಂತ ನಿಮಗೇ ಗೊತ್ತಾಗುತ್ತದೆ.