ಬೇರಿನ ತುದಿಯಲ್ಲಿ ಆಕರಕೋಶಗಳ ಕೆಲಸವನ್ನು ನೋಡುವ ಕ್ರಮ

ಪ್ರಾಣಿಗಳ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಅಸ್ಥಿಮಜ್ಜೆಯಂಥ ಒಳಗಿನ ಜಾಗಗಳಿಂದ ಹೊರತೆಗೆದು ನೋಡಲು ಸುಸಜ್ಜಿತ ಪ್ರಯೋಗಾಲಯವೇ ಬೇಕು. ಸಸ್ಯಗಳಲ್ಲಿ ಹಾಗಲ್ಲ. ಬೆಳೆಯುತ್ತಿರುವ ಬೇರಿನ ತುದಿಯಲ್ಲಿ, ತುದಿಯನ್ನು ಕಾಯುವ ಹೊದಿಕೆಯಾದ ಬೇರುಟೋಪಿಯ ಹಿಂದೆಯೇ, ಬಹಳ ನಿಧಾನವಾಗಿ ವಿಭಜಿಸುವ ಕೋಶಗಳ ಒಂದು ಪುಟ್ಟ ವಿಶ್ರಾಂತ ಕೇಂದ್ರವಿರುತ್ತದೆ. ಅದನ್ನು ಆಕರಕೋಶಗಳು ಸುತ್ತುವರಿದಿರುತ್ತವೆ. ಆಕರಕೋಶ ಎರಡಾದಾಗ ಕೇಂದ್ರಕ್ಕೆ ತಾಗಿಕೊಂಡು ಉಳಿದ ಮರಿಕೋಶ ಆಕರಕೋಶವಾಗಿಯೇ ಮುಂದುವರಿಯುತ್ತದೆ. ದೂರ ಸರಿದದ್ದು ಇನ್ನೂ ಹಲವು ಬಾರಿ ವಿಭಜಿಸಿ, ಉದ್ದವಾಗಿ, ಕೊನೆಗೆ ನೀರು ಸಾಗಿಸುವ ನಾಳವೋ ಬೇರುರೋಮವೋ ಆಗುತ್ತದೆ.

ಪಿಯುಸಿ ಪ್ರಯೋಗದಲ್ಲಿ ಈರುಳ್ಳಿ ಬೇರಿನ ತುದಿಯನ್ನು ಒತ್ತಿ ಹರಡಿ, ವಿಭಜನೆಯ ಹಂತಗಳನ್ನಷ್ಟೇ ಗುರುತಿಸುವ ರೂಢಿಯಿದೆ. ಆದರೆ ಒತ್ತಿದ ಕೂಡಲೇ ಯಾವ ಕೋಶ ಎಲ್ಲಿತ್ತೆಂಬುದು ತಿಳಿಯದಂತಾಗುತ್ತದೆ. ಕೋಶ ಮುಂದೆ ಏನಾಗುತ್ತದೆಂಬುದನ್ನು ಅರಿಯಲು ಅದೇ ಅತಿ ಮುಖ್ಯ. ಆದ್ದರಿಂದ ಎರಡು ಸ್ಲೈಡ್‌ಗಳನ್ನು ಸಿದ್ಧಪಡಿಸಬೇಕೆಂಬುದು ನನ್ನ ಒತ್ತಾಯ: ಒಂದು ವಿಭಜನೆಗೆ, ಇನ್ನೊಂದು ಸ್ಥಾನಕ್ಕೆ.

ಮೊದಲನೆಯದಕ್ಕೆ, ಒಣಗಿದ ಹಳೆಯ ಬೇರುಗಳನ್ನು ತೆಗೆದ ಈರುಳ್ಳಿಯನ್ನು, ಬುಡ ಮಾತ್ರ ನೀರಿಗೆ ತಾಗುವಂತೆ, ಲೋಟದ ಬಾಯಿಯ ಮೇಲೆ ಕೂರಿಸಿ. ಕೆಲವು ದಿನಗಳಲ್ಲಿ ಬೇರು 2–3 ಸೆಂ.ಮೀ. ಬೆಳೆದಾಗ ಬೆಳಗಿನ ಹೊತ್ತು ತುದಿಗಳನ್ನು ಕತ್ತರಿಸಿ, ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ ಮೂರು ಭಾಗ ಎಥನಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಿ. ಕೋಶಗಳು ಆ ಕ್ಷಣದಲ್ಲಿ ಯಾವ ಹಂತದಲ್ಲಿದ್ದವೋ ಅಲ್ಲಿಯೇ ನಿಲ್ಲುತ್ತವೆ. ಈ ಆಮ್ಲ ಚರ್ಮವನ್ನು ಸುಡುತ್ತದೆ, ಆದ್ದರಿಂದ ಕೈಗವಸು ಮತ್ತು ಕನ್ನಡಕವನ್ನು ಧರಿಸಿ, ಗಾಳಿಯಾಡುವ ಕೋಣೆಯಲ್ಲೇ ಕೆಲಸ ಮಾಡಿ.

ಮರುದಿನ ಬೇರನ್ನು ನೀರಿನಲ್ಲಿ ತೊಳೆದು ಸ್ಲೈಡ್ ಮೇಲಿಟ್ಟು, 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಮತ್ತು ಅಸಿಟೋಕಾರ್ಮೈನ್ ಎಂಬ ಬಣ್ಣದ ಎರಡು-ಮೂರು ಹನಿ ಹಾಕಿ, ಬಣ್ಣ ಕುದಿಯದಂತೆ, ಒಣಗದಂತೆ ಹದವಾಗಿ ಬಿಸಿ ಮಾಡಿ. ಐದರಿಂದ ಹತ್ತು ನಿಮಿಷಗಳ ಬಳಿಕ ಗಾಢವಾಗಿ ಬಣ್ಣ ಹಿಡಿದ 2 ಮಿ.ಮೀ. ತುದಿಯನ್ನಷ್ಟೇ ಉಳಿಸಿಕೊಂಡು, ಒಂದು ಹನಿ ನೀರು ಹಾಕಿ, ಕವರ್ ಸ್ಲಿಪ್ ಮುಚ್ಚಿ, ಒತ್ತುಕಾಗದದ ಮೇಲಿಂದ ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಕವರ್ ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿಯಾಗುತ್ತವೆ.

ಚಿಕ್ಕ, ಚೌಕಾಕಾರದ, ದೊಡ್ಡ ಕೋಶಕೇಂದ್ರವಿರುವ ಕೋಶಗಳು ಕಂಡರೆ ಸರಿಯಾದ ಜಾಗ ಸಿಕ್ಕಿದೆ. ಬರೀ ಉದ್ದನೆಯ ಕೋಶಗಳೇ ಕಂಡರೆ ತುದಿ ತಪ್ಪಿಹೋಗಿದೆ, ಹೊಸ ಬೇರು ತೆಗೆದುಕೊಳ್ಳಿ. ಹೆಚ್ಚಿನ ಕೋಶಗಳು ಅಂತರಾವಸ್ಥೆಯಲ್ಲೇ, ಅಂದರೆ ಎರಡು ವಿಭಜನೆಗಳ ನಡುವಿನ ಹಂತದಲ್ಲೇ, ಇರುವುದನ್ನು ಕಂಡು ನಿರಾಶರಾಗಬಾರದು. ಡಿಎನ್‌ಎ ಇಮ್ಮಡಿಯಾಗುವುದು ಆಗಲೇ, ಮತ್ತು ಕೋಶಚಕ್ರದ ಬಹುಪಾಲು ಸಮಯ ಅದಕ್ಕೂ ಅದರ ಸಿದ್ಧತೆಗೂ ಸಲ್ಲುತ್ತದೆ. ಈರುಳ್ಳಿಯ 16 ವರ್ಣತಂತುಗಳು ದೊಡ್ಡವಾದ್ದರಿಂದ ಅವು ನಡುವಿನಲ್ಲಿ ಸಾಲುಗೂಡುವುದೂ, ಎರಡು ಪಾಲಾಗಿ ಬೇರೆಯಾಗುವುದೂ ಸ್ಪಷ್ಟವಾಗಿ ಕಾಣುತ್ತವೆ. ಇಲ್ಲಿ ವಿಭಜಿಸುತ್ತಿರುವ ಕೋಶಗಳಲ್ಲಿ ಬಹುಪಾಲು ಆಕರಕೋಶಗಳಲ್ಲ, ಅವುಗಳ ಸಂತತಿ ಎಂಬುದು ನೆನಪಿರಲಿ.

ಎರಡನೆಯ ಸ್ಲೈಡ್‌ಗೆ ಒದ್ದೆ ಕಾಗದದ ಮೇಲೆ ಮೊಳೆಸಿದ ಸಾಸಿವೆ ಸಾಕು. ಅದರ ಎಳೆಯ ಬೇರನ್ನು, ರೋಮಗಳಿಗೆ ಕೈ ತಾಗಿಸದೆ, ಒಂದು ಹನಿ ನೀರಿನಲ್ಲಿ ಇಡಿಯಾಗಿಯೇ ಇಟ್ಟು, ಕಡಿಮೆ ವರ್ಧನೆಯಲ್ಲಿ ತುದಿಯಿಂದ ಹಿಂದಕ್ಕೆ ಸಾವಕಾಶವಾಗಿ ಸರಿಸುತ್ತ ನೋಡಿ. ಟೋಪಿಯ ಹಿಂದೆ ಒತ್ತೊತ್ತಾದ ಪುಟ್ಟ ಕೋಶಗಳು, ಅನಂತರ ಉದ್ದವಾಗುತ್ತಿರುವವು, ಆಮೇಲೆ ಮೊಳೆಯುತ್ತಿರುವ ಗಿಡ್ಡ ರೋಮಗಳು, ಇನ್ನೂ ಹಿಂದೆ ನೀಳವಾದವು ಕಾಣುತ್ತವೆ. ಸಾಸಿವೆಯ ಕುಟುಂಬದಲ್ಲಿ, ಒಳಪದರದ ಎರಡು ಕೋಶಗಳ ಸಂದಿನ ಮೇಲೆ ಕುಳಿತ ಹೊರಕೋಶ ರೋಮವಾಗುತ್ತದೆ, ಒಂದೇ ಕೋಶದ ಮೇಲೆ ಕುಳಿತದ್ದು ಸಾಮಾನ್ಯವಾಗಿ ಆಗುವುದಿಲ್ಲ. ಎರಡರಲ್ಲೂ ಡಿಎನ್‌ಎ ಒಂದೇ. ನೆರೆಯಿಂದ ಬರುವ ಸಂಕೇತಗಳಿಗೆ ತಕ್ಕಂತೆ ಬೇರೆ ಬೇರೆ ಜೀನ್‌ಗಳು ಕೆಲಸಮಾಡುತ್ತವೆ.

ಇದೇ ಕುಟುಂಬದ ಅರಾಬಿಡಾಪ್ಸಿಸ್ ಗಿಡದ ವಿಶ್ರಾಂತ ಕೇಂದ್ರದ ಕೋಶಗಳನ್ನು ನೆದರ್ಲೆಂಡ್ಸ್‌ನ ಸಂಶೋಧಕರು ಲೇಸರ್‌ನಿಂದ ನಾಶಪಡಿಸಿ, ಅವುಗಳ ಸಂಪರ್ಕ ಕಳೆದುಕೊಂಡ ಆಕರಕೋಶಗಳು ಆಕರಕೋಶಗಳಾಗಿ ಉಳಿಯದೆ ವಿಶಿಷ್ಟ ರೂಪ ತಾಳುವುದನ್ನು 1997ರಲ್ಲಿ ತೋರಿಸಿದರು. ಸಸ್ಯದಲ್ಲಿ ಹೀಗೆ ವಿಶಿಷ್ಟ ರೂಪ ತಾಳುವುದು ಮರಳಿ ಬಾರದ ದಾರಿಯೂ ಅಲ್ಲ: 1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್. ಸಿ. ಸ್ಟೀವರ್ಡ್, ಕ್ಯಾರೆಟ್‌ನ ಬೆಳೆದ ಅಂಗಾಂಶದ ಕೋಶಗಳಿಂದ ಎಳೆಯ ಗಿಡಗಳನ್ನೇ ಪಡೆದರು.

ಸಾಸಿವೆಯ ಸ್ಲೈಡ್ ಒಣಗುವ ಮುನ್ನ ಬೇರಿನ ಚಿತ್ರ ಬರೆದು, ಮೊದಲ ರೋಮ ತುದಿಯಿಂದ ಎಷ್ಟು ದೂರದಲ್ಲಿದೆಯೆಂದು ಗುರುತಿಸಿಕೊಳ್ಳಿ. ಈರುಳ್ಳಿಯಲ್ಲಿ ಕಂಡ ವಿಭಜನೆಯ ಹಂತಗಳನ್ನು ಅದೇ ಚಿತ್ರದಲ್ಲಿ, ಟೋಪಿಯ ಹಿಂದಿನ ವಲಯದ ಪಕ್ಕದಲ್ಲಿ ಬರೆಯಿರಿ.