ಬಿಳಿ ಹಾಳೆಯಲ್ಲಿ ಅತ್ತಿಗೆಯ ಹೆಸರು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಆ ಮನೆಗೆ ನಾನು ತಲುಪುವ ಹೊತ್ತಿಗೆ ಜೀಪು ಬಂದು ನಿಂತಾಗಿತ್ತು. ಅಂಗಳದಲ್ಲಿ ಒಣಹಾಕಿದ ಅಡಕೆಯ ಆಚೆ ನಾಲ್ಕು ಜನ ಗಂಡಸರು, ಒಬ್ಬರ ಕೈಯಲ್ಲಿ ಬಾವಿಯ ಹಗ್ಗ. ಹುಡುಗ ಮೂರು ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಅದಕ್ಕೂ ಹಿಂದಿನ ದಿನ ಅಣ್ಣನ ಮೇಲೆ ಕತ್ತಿ ಎತ್ತಿದ್ದನಂತೆ.

"ಕಟ್ಟಿ ಕೊಂಡೋಗುವುದಲ್ಲದೆ ಬೇರೆ ದಾರಿ ಉಂಟಾ ಮೇಡಂ?" ಎಂದರು ಅಣ್ಣ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೂರು ರಾತ್ರಿ ನಿದ್ದೆಯಿಲ್ಲದ ಮುಖ ಅದು. ಆದರೆ ಹಗ್ಗವನ್ನು ಮೊದಲು ಒಳಗಿಡಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಆಶ್ರಮಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದವರಿಗೆ ಎದ್ದು ಓಡಲಾಗಲಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಹಗ್ಗ ನೋಡಿದಾಗಲೆಲ್ಲ ನನಗೆ ಅದೇ ನೆನಪು.

ಬಾಗಿಲ ಹೊರಗೆ ನೆಲದ ಮೇಲೆ ಕೂತು ಕನ್ನಡದಲ್ಲಿ ಮಾತಾಡಿಸುತ್ತಾ ಹೋದೆ. ಒಂದು ಗಂಟೆಯಾದ ಮೇಲೆ ಒಳಗಿಂದ ಉತ್ತರ ಬಂತು: "ಕಟ್ಟಬಾರದು. ಅತ್ತಿಗೆ ಬರಬೇಕು." ಎರಡಕ್ಕೂ ಒಪ್ಪಿದೆವು. ಜೀಪು ಹೊರಟಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬಲವಂತಕ್ಕೆ ಜಾಗವೇ ಇಲ್ಲ ಎಂದೇನಲ್ಲ. ತನಗೋ ಇತರರಿಗೋ ಅಪಾಯ ಮಾಡುವವರನ್ನು, ತಮ್ಮ ಆರೈಕೆ ತಾವು ಮಾಡಿಕೊಳ್ಳಲಾಗದವರನ್ನು ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ತನ್ನ ಪರವಾಗಿ ನಿಲ್ಲಲು ರೋಗಿ ಹೆಸರಿಸಿದವರ, ಅರ್ಜಿಯ ಮೇಲೆ 89ನೇ ಸೆಕ್ಷನ್ ಪ್ರಕಾರ 30 ದಿನದವರೆಗೆ ಸೇರಿಸಬಹುದು. ಅದಕ್ಕೆ ಮೊದಲು ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. 7 ದಿನದೊಳಗೆ, ಹೆಂಗಸರೋ ಮಕ್ಕಳೋ ಆದರೆ 3 ದಿನದೊಳಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ಠಾಣೆಯ ಲಾಕಪ್ಪಿನಲ್ಲಿಡಲು ಮಾತ್ರ ಎಲ್ಲೂ ಅವಕಾಶವಿಲ್ಲ.

ಆಸ್ಪತ್ರೆಯಲ್ಲಿ ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಹುಡುಗ ನೆಲ ನೋಡುತ್ತಾ ಕೂತ. ನಿರ್ಧರಿಸುವ ಸಾಮರ್ಥ್ಯ ಇಲ್ಲವೆಂದು ಬರೆಯಲು ವೈದ್ಯರು ಪೆನ್ನು ಎತ್ತಿದ್ದರು. ನಾನು ತಡೆದೆ. ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ವಿಷಯ ಹೇಳಬೇಕೆಂದು 4ನೇ ಸೆಕ್ಷನ್ನಿನಲ್ಲೇ ಇದೆ. ಹೇಳದೆ ಸಾಮರ್ಥ್ಯ ಅಳೆಯುವುದು ಹೇಗೆ?

"ಮಾತ್ರೆ ಯಾಕೆ ಬಿಟ್ಟದ್ದು?" ಎಂದು ಕನ್ನಡದಲ್ಲಿ ಕೇಳಿದೆ. ಅವನು ಎರಡೂ ಕೈ ಮುಂದೆ ಚಾಚಿದ. "ನಡುಗ್ತದೆ. ಮರ ಹತ್ತುವುದು ಹೇಗೆ?" ಅಡಕೆ ಕೊಯ್ಲು ಅವನ ಅನ್ನ. ಕೈ ನಡುಗುವವನನ್ನು ಯಾರು ತೋಟಕ್ಕೆ ಕರೆಯುತ್ತಾರೆ? ಮನೆಯವರು ಹಟ ಅಂದುಕೊಂಡದ್ದು ಇದನ್ನು.

ಮಾತ್ರೆ ಬದಲಿಸೋಣ ಎಂದರು ವೈದ್ಯರು. ಅವನೇ ಸಹಿ ಹಾಕಿ 86ನೇ ಸೆಕ್ಷನ್ನಿನಲ್ಲಿ ಸ್ವತಂತ್ರ ರೋಗಿಯಾಗಿ ಸೇರಿದ. ಬೇಕೆಂದಾಗ ಹೊರಡಬಹುದು, ಆದರೆ ಸ್ಥಿತಿ ಸರಿಯಿಲ್ಲ ಅನ್ನಿಸಿದರೆ ಪರೀಕ್ಷೆಗಾಗಿ 24 ಗಂಟೆ ನಿಲ್ಲಿಸಿಕೊಳ್ಳಬಹುದು ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ.

ಎಲ್ಲ ಸಲ ಹೀಗಾಗುವುದಿಲ್ಲ. ಅನ್ನ ನೀರು ಬಿಟ್ಟಿದ್ದ ಒಬ್ಬ ತಾಯಿಯನ್ನು 89ರಲ್ಲೇ ಸೇರಿಸಿದ್ದೇವೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಮನೆಗೆ ಹೊರಡುವ ಮುಂಚೆ ಹುಡುಗ ನೋಟುಬುಕ್ಕಿನ ಹಾಳೆ ಹರಿದು, ತನ್ನ ನಾಮನಿರ್ದೇಶಿತ ಪ್ರತಿನಿಧಿ ಅತ್ತಿಗೆ ಎಂದು ಬರೆದ. ಅಣ್ಣನ ಹೆಸರಿರಲಿಲ್ಲ. ಅಣ್ಣ ಎರಡು ಸಲ ಓದಿದರು.

"ಇದಕ್ಕೆ ಸ್ಟಾಂಪು ಬೇಡವಾ ಮೇಡಂ?"

"ಬೇಡ. ಬಿಳಿ ಹಾಳೆ, ಸಹಿ ಸಾಕು."

ಅತ್ತಿಗೆ ಅದನ್ನು ಮಡಚಿ ರೇಷನ್ ಕಾರ್ಡಿನ ಕವರಿನೊಳಗೆ ಇಟ್ಟುಕೊಂಡರು.